ಮೂಕವಾದ ಲ್ಯಾಪ್‌ಟಾಪ್, ಅಜ್ಜಿಯ ಪದ

ಅಜ್ಜಿ ತೀರಿಕೊಂಡು ವರ್ಷವಾಯಿತು. ತಿಥಿಯ ದಿನ ಅವಳ ಬೀಸುಕಲ್ಲಿನ ಪದ ಕೇಳಬೇಕೆಂದಳು ಅವ್ವ. ಓದುವಾಗ ನಾನೇ ರೆಕಾರ್ಡ್ ಮಾಡಿದ್ದೆ. ಆದರೆ ಹಿಂದಿನ ರಾತ್ರಿ ಲಿನಕ್ಸ್ ಅಪ್‌ಗ್ರೇಡ್ ಮಾಡಿದ್ದ ಲ್ಯಾಪ್‌ಟಾಪ್ ಮೂಕವಾಗಿತ್ತು. ಫೈಲೇ ಹಾಳಾಯಿತೇ? ಎದೆ ಧಸಕ್ಕೆಂದಿತು.

ಆಡಾಸಿಟಿಯಲ್ಲಿ ತೆರೆದೆ, ದನಿಯ ಅಲೆಗಳು ಕಂಡವು. ಸದ್ಯ, ಅಜ್ಜಿ ಇದ್ದಾಳೆ! ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ನೋಡಿದೆ. ಸ್ಪೀಕರ್ ಎಂದೇ ಇತ್ತು, ಎಚ್‌ಡಿಎಂಐಗೆ ಜಾರಿರಲಿಲ್ಲ. ಟರ್ಮಿನಲ್‌ನಲ್ಲಿ ‘ಆಲ್ಸಾಮಿಕ್ಸರ್’ ತೆರೆದು, ಎಫ್6 ಒತ್ತಿ ಸೌಂಡ್‌ಕಾರ್ಡ್ ಆರಿಸಿದೆ. ಸ್ಪೀಕರ್ ಕಂಬದ ಬುಡದಲ್ಲಿ ‘ಎಂಎಂ’ ಎಂದಿತ್ತು. ಅಂದರೆ ಮ್ಯೂಟ್. ‘ಎಂ’ ಕೀ ಒತ್ತಿದೆ, ‘00’ ಆಯಿತು. ಮೇಲಿನ ಬಾಣ ಒತ್ತಿ ದನಿ ಏರಿಸಿದೆ.

ಅಜ್ಜಿ ಹಾಡಿದಳು, ನಡುವೆ ಕೆಮ್ಮಿದಳು. ಎಡಿಟ್‌ನಲ್ಲಿ ಕತ್ತರಿಸದೆ ಬಿಟ್ಟಿದ್ದ ಆ ಕೆಮ್ಮಿಗೇ ಅವ್ವ ಅತ್ತಳು.

ಈಗ ಆ ಫೈಲನ್ನು ಮೂರು ಕಡೆ ಇಟ್ಟಿದ್ದೇನೆ. ನೀವೂ ಇಡಿ.