ತಪ್ಪು ನನ್ನ ಬೆರಳಿನದಲ್ಲ

ಕಳೆದ ಮಳೆಗಾಲದ ಒಂದು ಸಂಜೆ. ಹಳ್ಳಿಯೊಂದರಲ್ಲಿ ಗೋಡೆ ಕುಸಿದು ಅಜ್ಜಿಯೊಬ್ಬರ ಮನೆ ಹೋಗಿತ್ತು. ಅಲ್ಲೇ ನಿಂತು ಪತ್ರಿಕೆಯ ಆ್ಯಪ್‌ನಲ್ಲಿ ಸುದ್ದಿ ಟೈಪ್ ಮಾಡಿದೆ. ಫೋಟೊ ಹಾಕದೆ ಮುಂದೆ ಹೋಗುವಂತಿಲ್ಲ ಎಂದಿತು. ಫೋಟೊ ತೆಗೆದು ಬರುವಷ್ಟರಲ್ಲಿ ಬರೆದದ್ದೆಲ್ಲ ಮಾಯ. ಮತ್ತೆ ಬರೆದೆ, ನೆಟ್‌ವರ್ಕ್ ಇಲ್ಲ. ಪುಟ ಮುಗಿಸುವ ಹೊತ್ತು ಮೀರಿತು.

ಮರುದಿನ ಅಜ್ಜಿ ಫೋನ್ ಮಾಡಿಸಿದರು: "ಪೇಪರ್‌ನಾಗ ನಮ್ಮ ಮನಿ ಸುದ್ದಿ ಬರ್ಲೇ ಇಲ್ಲಲ್ಲೋ ತಮ್ಮಾ?"

ಡೆಸ್ಕಿನವರು ಹೇಳಿದ್ದು, "ಆ್ಯಪ್ ಸರಿಯಾಗೇ ಇದೆ. ನೀವು ಕಲಿತುಕೊಳ್ಳಬೇಕು." ನಾನೂ ನಂಬಿದೆ. ನನಗೇ ತಿಳಿವಳಿಕೆ ಸಾಲದು ಅಂದುಕೊಂಡೆ.

ಆಮೇಲೆ ಲೂಸಿ ಸಚ್‌ಮನ್ ಬಗ್ಗೆ ಓದಿದೆ. 1980ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞೆ. ಇಬ್ಬಿಬ್ಬರನ್ನು ನಕಲು ಯಂತ್ರದ ಮುಂದೆ ನಿಲ್ಲಿಸಿ ವಿಡಿಯೊ ಮಾಡಿದರು. ಅವರು ಪರದಾಡಿದರು. ಅವರಲ್ಲಿ ಒಬ್ಬರು ಅಲನ್ ನ್ಯೂವೆಲ್, ಕಂಪ್ಯೂಟರ್ ವಿಜ್ಞಾನದ ದೊಡ್ಡ ಹೆಸರು. ಕೀಲಿ ಒತ್ತಲು ಮನುಷ್ಯನಿಗೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುವ ಸಿದ್ಧಾಂತವಿರುವ 1983ರ ಪುಸ್ತಕಕ್ಕೆ ಸಹಲೇಖಕರು!

1987ರ ತಮ್ಮ ಪುಸ್ತಕದಲ್ಲಿ ಸಚ್‌ಮನ್ ಹೇಳುವುದು ಸರಳ. ಯಂತ್ರದೊಳಗೆ 'ಮೊದಲು ಇದು, ಆಮೇಲೆ ಅದು' ಎಂಬ ಯೋಜನೆ ಇರುತ್ತದೆ. ಮನುಷ್ಯ ಮಾತ್ರ ನಿಂತ ಜಾಗ, ಎದುರಿಗಿದ್ದ ಸ್ಥಿತಿ ನೋಡಿ ಹೆಜ್ಜೆ ಇಡುತ್ತಾನೆ. ಯಂತ್ರಕ್ಕೆ ಗೊತ್ತಾಗುವುದು ಒತ್ತಿದ ಗುಂಡಿ, ತೆರೆದ ಮುಚ್ಚಳ ಇಷ್ಟೇ. ಅವನು ಯಾಕೆ ತಡವರಿಸುತ್ತಿದ್ದಾನೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಸಿದ್ಧಾಂತ ಎಂದರೆ ಪರೀಕ್ಷೆಗೆ ಉರು ಹೊಡೆಯುವುದು ಅಂತಲೇ ಡಿಪ್ಲೊಮಾ ಓದುವಾಗ ತಿಳಿದಿದ್ದೆ. ಇಲ್ಲಿ ಅದು ನನ್ನ ಗೊಣಗಾಟಕ್ಕೆ ಒಂದು ಹೆಸರು ಕೊಟ್ಟಿತು, ಎಲ್ಲಿ ನೋಡಬೇಕೆಂದು ತೋರಿಸಿತು. ನಮ್ಮ ಆ್ಯಪ್ ಮಾಡಿದವರ ಮನಸ್ಸಿನಲ್ಲಿದ್ದ ವರದಿಗಾರ ಮೇಜಿನ ಮುಂದೆ ಕೂತಿದ್ದಾನೆ. ನಾನು ಮಳೆಯಲ್ಲಿ, ಬೈಕ್ ಪಕ್ಕ, ಒಂದೇ ಕೈಯಲ್ಲಿ ಫೋನ್ ಹಿಡಿದು ನಿಂತಿದ್ದೇನೆ.

ಈ ಸಲ ದೂರು ಬರೆಯಲಿಲ್ಲ. ಸುದ್ದಿ ಸಿಕ್ಕ ಕ್ಷಣದಿಂದ ಕಳಿಸುವ ತನಕ ನಾನು ಮಾಡುವ ಒಂದೊಂದು ಕೆಲಸವನ್ನೂ ಇದ್ದಂತೆಯೇ ಬರೆದು ಕಳಿಸಿದೆ. ಮೂರು ತಿಂಗಳ ನಂತರ, ಅರ್ಧ ಬರೆದದ್ದನ್ನು ಉಳಿಸುವ ಗುಂಡಿ ಬಂತು. ಫೋಟೊ ಇನ್ನೂ ಕಡ್ಡಾಯ.

ಅಜ್ಜಿಯ ಸುದ್ದಿ ಎರಡು ದಿನ ತಡವಾಗಿ, ಒಳಪುಟದಲ್ಲಿ ಬಂದಿತ್ತು. ಗೆಳೆಯರೇ, ನಿಮ್ಮ ಫೋನಿನಲ್ಲೂ ಇಂಥ ಆ್ಯಪ್ ಇದ್ದರೆ ಬೆರಳನ್ನು ಬೈದುಕೊಳ್ಳಬೇಡಿ. ಎಲ್ಲಿ ನಿಂತು ಕೆಲಸ ಮಾಡುತ್ತೀರೋ ಅದನ್ನು ಬರೆದು ಕಳಿಸಿ.