ಕ್ಯಾಬಿನ್ನೋ ಕಾಟೇಜೋ?

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತಾರು ವರ್ಷ ಕೂತವನಿಗೆ ಕ್ಯಾಬಿನ್ ಅಂದರೆ ಒಂದೇ ಅರ್ಥ: ಮ್ಯಾನೇಜರ್ ಸಾಹೇಬರ ಕೋಣೆ. ಕರೆದರೆ ಮಾತ್ರ ಒಳಗೆ ಹೋಗಬೇಕು, ಹೋದ ಮೇಲೆ ಆದಷ್ಟು ಬೇಗ ಹೊರಗೆ ಬರಬೇಕು. ಕಾಟೇಜ್ ಅಂದರೆ ಬಿ.ಕಾಂ. ಪುಸ್ತಕದ ಕಾಟೇಜ್ ಇಂಡಸ್ಟ್ರಿ, ನಮ್ಮ ಗುಡಿ ಕೈಗಾರಿಕೆ. ಚಾಪೆ ಹೆಣೆಯುವವರಿಗೆ, ಹಗ್ಗ ಹೊಸೆಯುವವರಿಗೆ ಕೊಡುವ ಸಣ್ಣ ಸಾಲ. ಈ ಎರಡು ಪದಗಳು ಗುಬ್ಬಿಯ ನಮ್ಮ ಮನೆಯಲ್ಲಿ ಎಂಟು ದಿನ ರಾತ್ರಿ ಊಟವನ್ನು ತಡಮಾಡಿದವು.

ಕಾರಣ ವಂಡರ್‌ಲಾ. ಶಾಲೆಯವರು ಪ್ರವಾಸಕ್ಕೆ ಕರೆದುಕೊಂಡು ಹೋದ ದಿನವೇ ನನ್ನ ಮೊಮ್ಮಗನಿಗೆ ಜ್ವರ ಬಂದಿತ್ತು. ಹೋಗಿ ಬಂದ ಹುಡುಗರ ಕಥೆಗಳನ್ನು ವರ್ಷವಿಡೀ ಕೇಳಿ ಕೇಳಿ ಅವನು ಸೋತಿದ್ದ. ಈ ಸಲ ರಜೆಗೆ ಮನೆಮಂದಿಯೆಲ್ಲ ಹೋಗೋಣ ಅಂತ ಮಗ ಹೇಳಿದ. ಆರು ಜನ: ಮಗ, ಸೊಸೆ, ಹನ್ನೊಂದರ ಮೊಮ್ಮಗ, ಏಳರ ಮೊಮ್ಮಗಳು, ನಾನು, ನನ್ನ ಹೆಂಡತಿ.

ಗೊತ್ತಿಲ್ಲದ ಅಜ್ಜ ಅಜ್ಜಿಯರಿಗಾಗಿ ಎರಡು ಮಾತು. ಇದು ಕೇರಳದ ಕೊಚ್ಚೌಸೇಪ್ ಚಿಟ್ಟಿಲಪ್ಪಿಳ್ಳಿ ಅವರು ಕಟ್ಟಿದ್ದು. ಮನೆಗಳಲ್ಲಿ ಕಾಣುವ ವಿ-ಗಾರ್ಡ್ ಸ್ಟೆಬಿಲೈಸರ್ ಕೂಡ ಅವರ ಕಂಪನಿಯದೇ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಪಾರ್ಕ್ ಮಾಡಿ, 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ತೆರೆದರು. ನಮ್ಮೂರಿಂದ ಕುಣಿಗಲ್, ಮಾಗಡಿ ಮೇಲೆ ಹೋದರೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆಗೆದರೆ ಸಂಜೆ ಆರೇಳರವರೆಗೆ ಆಟ. ಶಾಲೆಯ ಬಸ್ಸಿನ ಮಕ್ಕಳು ನಸುಕಿನಲ್ಲಿ ಹೊರಟು ನಡುರಾತ್ರಿ ವಾಪಸ್ ಬರುತ್ತಾರೆ. ಮಂಡಿನೋವಿನ ಅಜ್ಜಿಯಿಂದ ಅದು ಸಾಧ್ಯವೇ? ಹಾಗಾಗಿ ಒಂದು ರಾತ್ರಿ ಅಲ್ಲೇ ಎಲ್ಲಾದರೂ ಉಳಿಯಬೇಕು ಅಂತಾಯಿತು.

ಮಗ ಮೊಬೈಲಿನಲ್ಲಿ ಹುಡುಕಿ ರಾಮನಗರದ ಕಡೆ ಒಂದು ರೆಸಾರ್ಟ್ ತೋರಿಸಿದ. ಅಲ್ಲಿ ಎರಡು ಬಗೆ. ಕಂಬಗಳ ಮೇಲೆ ನಿಲ್ಲಿಸಿದ ಮರದ ಕ್ಯಾಬಿನ್. ಒಳಗೆ ರೈಲಿನಲ್ಲಿ ಇರುವ ಹಾಗೆ ಒಂದರ ಮೇಲೊಂದು ಮಂಚ. ಇನ್ನೊಂದು ಹೆಂಚು ಹೊದಿಸಿದ ಕಾಟೇಜ್, ಮುಂದೆ ಜಗಲಿ, ನೆಲಮಟ್ಟದಲ್ಲೇ. ಮೊಮ್ಮಗ ಕ್ಯಾಬಿನ್ನಿನ ಚಿತ್ರ ನೋಡಿದ್ದೇ ತಡ, "ತಾತ, ಮೇಲಿನ ಮಂಚ ನಂದು" ಅಂತ ರಿಸರ್ವೇಶನ್ ಮಾಡಿಬಿಟ್ಟ.

ಅಜ್ಜಿ ಚಿತ್ರವನ್ನೇ ನೋಡಲಿಲ್ಲ. "ನೀವೆಲ್ಲಾ ಹೋಗ್ಬನ್ನಿ. ತುಳಸಿಗೆ ನೀರು ಹಾಕೋರು ಯಾರು? ಹಾಲಿನವನು ಬಂದ್ರೆ ಪಾತ್ರೆ ಇಡೋರು ಯಾರು?" ಅಂದಳು. ಈ ಮಾತು ನನಗೆ ಹೊಸದಲ್ಲ. ಮಗ ಕಾಲೇಜಿನಲ್ಲಿದ್ದಾಗ ಜೋಗಕ್ಕೆ ಹೊರಟೆವು, ಆಗಲೂ ಇದೇ ತುಳಸಿ, ಇದೇ ಹಾಲಿನವನು. ಐದಾರು ವರ್ಷದಿಂದ ಮಂಡಿಯೂ ಈ ಪಟ್ಟಿಗೆ ಸೇರಿದೆ, ಆದರೆ ಅದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ತುಳಸಿಯ ಹೆಸರಲ್ಲಿ ಮಂಡಿ ಮಾತಾಡುತ್ತದೆ. ಈ ಸಲ ಅವಳನ್ನು ಬಿಟ್ಟು ಹೋಗಬಾರದು ಅಂತ ನಾನು ಒಳಗೊಳಗೇ ತೀರ್ಮಾನಿಸಿದೆ. ಪಾರ್ಕು ಇನ್ನೂ ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ. ನಮ್ಮ ಲೆಕ್ಕ ಬೇರೆ.

ಚಿತ್ರದಲ್ಲಿ ಕಾಣದ್ದನ್ನು ಕೇಳಲು ರೆಸಾರ್ಟಿಗೆ ಫೋನ್ ಮಾಡಿದೆ. ಕ್ಯಾಬಿನ್ನಿಗೆ ಎಷ್ಟು ಮೆಟ್ಟಿಲು? ಹನ್ನೊಂದು. ಹಿಡಿಕೆ ಇದೆಯೇ? ಒಂದೇ ಕಡೆ. ಶೌಚಾಲಯ? ಕೆಳಗೆ, ಇಪ್ಪತ್ತು ಹೆಜ್ಜೆ ದೂರ. ರಾತ್ರಿ ದಾರಿಯಲ್ಲಿ ದೀಪ? ಇದೆ. ಕಾಟೇಜಿಗೆ? ಎರಡೇ ಮೆಟ್ಟಿಲು, ಶೌಚಾಲಯ ಒಳಗೇ, ಕಮೋಡ್ ಇದೆ, ಹಿಡಿಕೆಯೂ ಇದೆ. ಕಾರು ಎಲ್ಲಿಯವರೆಗೆ ಬರುತ್ತದೆ? ಬಾಗಿಲವರೆಗೆ. ಆ ಹುಡುಗ ತಾಳ್ಮೆಯಿಂದ ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಗೆ, "ಸಾರ್, ಇಷ್ಟೊಂದು ಪ್ರಶ್ನೆ ಯಾರೂ ಕೇಳಲ್ಲ" ಅಂದ. ನನ್ನ ವಯಸ್ಸಿನವರು ಕೇಳಲೇಬೇಕು. ಕೋಣೆಯ ಚಿತ್ರ ತೆಗೆಯುವವರು ಎಲ್ಲರೂ ಚಿಕ್ಕವರು, ಅವರ ಕಣ್ಣಿಗೆ ಮೆಟ್ಟಿಲು ಬೀಳುವುದಿಲ್ಲ.

ನಂತರ ದುಡ್ಡು. ಕ್ಯಾಬಿನ್ ಒಂದಕ್ಕೆ 4,000. ಆರು ಜನಕ್ಕೆ ಎರಡು ಬೇಕು, 8,000. ಆರೂ ಜನ ಹಿಡಿಸುವ ದೊಡ್ಡ ಕಾಟೇಜಿಗೂ 8,000. ಸರಿಸಮ ಅಂದುಕೊಂಡಿರಾ ಮಕ್ಕಳೇ? ಇಲ್ಲಿ ಜಿಎಸ್‌ಟಿ ಬರುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5 ತೆರಿಗೆ, ಮೊದಲು 12 ಇತ್ತು. ಅದಕ್ಕಿಂತ ದುಬಾರಿ ಕೋಣೆಗೆ ಶೇಕಡಾ 18. ಎರಡು ಕ್ಯಾಬಿನ್ನಿಗೆ ಬೇರೆ ಬೇರೆ ಲೆಕ್ಕ, ಒಟ್ಟು 8,400. ಒಂದೇ ದೊಡ್ಡ ಕಾಟೇಜಿಗೆ 9,440. ಹೊರಗೆ ಒಂದೇ ಬೆಲೆ, ಒಳಗೆ 1,040 ರೂಪಾಯಿ ವ್ಯತ್ಯಾಸ. ಮೊಮ್ಮಗ ಇದನ್ನು ಕೇಳಿ ಜಿಎಸ್‌ಟಿಯ ದೊಡ್ಡ ಅಭಿಮಾನಿಯಾದ.

ಆದರೆ ಅಜ್ಜಿಯ ಮಂಡಿಗೆ ತೆರಿಗೆ ವಿನಾಯಿತಿ ಇಲ್ಲವಲ್ಲ.

ಒಂದು ಸಂಜೆ ಮಕ್ಕಳಿಗೆ ಈ ಪದಗಳ ಕಥೆ ಹೇಳಿದೆ. ಕ್ಯಾಬಿನ್ನೂ ಕಾಟೇಜೂ ಮೂಲದಲ್ಲಿ ಬಡವರ ಮನೆಗಳೇ. ಅಮೆರಿಕದಲ್ಲಿ ಕಾಡು ಕಡಿದು ನೆಲೆ ನಿಂತವರು ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕ್ಯಾಬಿನ್ ಕಟ್ಟಿಕೊಳ್ಳುತ್ತಿದ್ದರು. ಅಬ್ರಹಾಂ ಲಿಂಕನ್ 1809ರಲ್ಲಿ ಹುಟ್ಟಿದ್ದು ಅಂಥದ್ದರಲ್ಲೇ. ಕಾಟೇಜ್ ಇಂಗ್ಲೆಂಡಿನ ಹಳ್ಳಿಯ ಕೂಲಿಯವರ ಸಣ್ಣ ಮನೆ. "ನಮ್ಮಲ್ಲೂ ಇತ್ತಲ್ಲ" ಅಂದಳು ಹೆಂಡತಿ, ಒಳಗಿಂದ. "ಹೊಲ ಕಾಯೋಕೆ ಅಟ್ಟಣೆ ಇರಲಿಲ್ವಾ? ನಾನು ಚಿಕ್ಕವಳಿದ್ದಾಗ ನಮ್ಮಪ್ಪನ ಜೊತೆ ಮಲಗಿದ್ದೀನಿ. ಹಕ್ಕಿ ಓಡಿಸೋಕೆ ತಗಡು ಬಡೀತಿದ್ವಿ." ಐವತ್ತು ವರ್ಷ ಸಂಸಾರ ಮಾಡಿದ್ದೇನೆ, ಈ ಅಟ್ಟಣೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಮೊಮ್ಮಗ ಎದ್ದು ಅಡುಗೆಮನೆಗೆ ಹೋದ. ಅರ್ಧ ಗಂಟೆ ಹೊರಗೆ ಬರಲಿಲ್ಲ.

ಮಾರನೆಯ ದಿನ ತೀರ್ಪು ಕೊಟ್ಟವಳು ಅವಳೇ. "ಆ ಹುಡುಗನ್ನ ಕೇಳಿ, ಚಿಕ್ಕ ಕಾಟೇಜ್ ಇದೆಯಾ ಅಂತ. ಅಪ್ಪ ಮಗ ಮೇಲೆ ಮಲಗಲಿ, ನಾವು ನೆಲದ ಮೇಲೆ ಇರೋಣ." ಇತ್ತು: ಮೂರು ಮಂಚದ್ದು, 5,500. ತೆರಿಗೆ ಸೇರಿ 5,775. ಒಂದು ಕ್ಯಾಬಿನ್ 4,200. ಒಟ್ಟು 9,975, ದೊಡ್ಡ ಕಾಟೇಜಿಗಿಂತ 535 ಹೆಚ್ಚು. "ಮಂಡಿ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬಂದ್ರೆ ಎಷ್ಟಾಗುತ್ತೆ?" ಅಂತ ಕೇಳಿದಳು. ನಾನು ಪೆನ್ನು ಮುಚ್ಚಿದೆ. ತುಳಸಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದ್ದಾಯಿತು.

ದಾರಿಯಲ್ಲಿ ಒಂದು ಸಣ್ಣ ಯುದ್ಧ ನಡೆಯಿತು. ತಟ್ಟೆ ಇಡ್ಲಿ ಎಂದರೆ ಕ್ಯಾತ್ಸಂದ್ರದ್ದು ಎಂಬುದು ನಮ್ಮ ತುಮಕೂರು ಜಿಲ್ಲೆಯವರ ನಂಬಿಕೆ. ಬಿಡದಿಯವರು ತಮ್ಮದೇ ಅಂತಾರೆ. ತಿಂದು ನೋಡಿದೆವು. ನನ್ನ ಮತ ಬದಲಾಗಿಲ್ಲ, ಬಿಡದಿಯವರು ಬೇಜಾರು ಮಾಡಿಕೊಳ್ಳಬಾರದು.

ಪಾರ್ಕಿನಲ್ಲಿ ಮೊಮ್ಮಗನಿಗೆ ಒಂದು ಪೆಟ್ಟು ಕಾದಿತ್ತು. ಭಾರೀ ಗಿರಕಿ ಹೊಡೆಸುವ ಆಟಗಳಿಗೆ 140 ಸೆಂಟಿಮೀಟರ್ ಎತ್ತರ ಇರಲೇಬೇಕು. ಕೂಡಿಸಿ ಬಿಗಿಯುವ ಸರಳು, ಪಟ್ಟಿಗಳು ಆ ಅಳತೆಯ ಮೈಗೆ ತಕ್ಕಂತೆ ಇರುತ್ತವೆ, ಚಿಕ್ಕ ಮೈ ಜಾರಿಹೋಗಬಹುದು. ಇವನು 137. ಹಿಮ್ಮುಖವಾಗಿಯೂ ಓಡುವ ರೀಕಾಯಿಲ್ ಎಂಬ ರೋಲರ್ ಕೋಸ್ಟರಿನ ಕೆಳಗೆ ನಿಂತು ಕಣ್ಣು ತುಂಬಿಕೊಂಡ. ಅವನ ಗೆಳೆಯರು ಹೇಳಿದ ಕಥೆಗಳೆಲ್ಲ ಅದರದ್ದೇ. ಸಮಾಧಾನಕ್ಕೆ ನಾನು ನಮ್ಮೂರಿನ ಗುಬ್ಬಿ ವೀರಣ್ಣನವರ ಕಂಪನಿಯ ಕಥೆ ತೆಗೆದೆ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತರುತ್ತಿದ್ದರಂತೆ, ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ ಅಂದೆ. ಮೂಗು ಒರೆಸಿಕೊಳ್ಳುತ್ತಾ ಕೇಳಿದ: "ನೋಡೋಕೆ ಎಷ್ಟು ಎತ್ತರ ಇರಬೇಕಿತ್ತು ತಾತ?"

ನೀರಾಟಗಳಿಗೆ ಹತ್ತಿ ಬಟ್ಟೆ ಕೂಡದು, ನೈಲಾನ್ ಉಡುಪೇ ಬೇಕು. ಸೀರೆಯ ಅಜ್ಜಿ ಅಲೆಗಳ ಕೊಳದ ದಡದಲ್ಲಿ ಕೂತು ನೋಡಿದಳು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಅವಳ ಚಕ್ಕುಲಿ ಡಬ್ಬ ಕಾರಿನಲ್ಲೇ ಉಳಿಯಿತು. ಸಂಜೆ ಬಣ್ಣದ ಕಾರಂಜಿ ಹಾಡಿಗೆ ಕುಣಿದಾಗ ಮಾತ್ರ ಎದ್ದು ನಿಂತಳು. ಹೊರಡೋಣ ಅಂದರೆ, "ಇರಿ, ಮುಗೀಲಿ" ಅಂದಳು.

ರಾತ್ರಿ ಕ್ಯಾಬಿನ್ ಹತ್ತಿದವರು ಮೂವರು. ಅಜ್ಜಿಯ ಮಗ್ಗುಲಲ್ಲಿ ಮಲಗಬೇಕಾಗಿದ್ದ ಮೊಮ್ಮಗಳು ಕೊನೆಯ ಗಳಿಗೆಯಲ್ಲಿ ಪಕ್ಷ ಬದಲಾಯಿಸಿ ಅಣ್ಣನ ಹಿಂದೆ ಹೋದಳು. ಚಕ್ಕುಲಿ ಡಬ್ಬವೂ ಅವರ ಜೊತೆ ಹೋಯಿತು. ತಗಡಿಲ್ಲದ್ದಕ್ಕೆ ಅದರ ಮುಚ್ಚಳ ಬಡಿದು ಹಕ್ಕಿ ಓಡಿಸುವ ಸದ್ದು ಹತ್ತೂವರೆಯವರೆಗೆ ಕೇಳುತ್ತಿತ್ತು. ನಡುರಾತ್ರಿ ಮಗ ಇಬ್ಬರನ್ನೂ ಎರಡು ಸಲ ಶೌಚಾಲಯಕ್ಕೆ ಇಳಿಸಿ ಹತ್ತಿಸಿದನಂತೆ. ಆ ಲೆಕ್ಕ ನನ್ನ ಚೀಟಿಯಲ್ಲಿ ಬರೆದಿರಲಿಲ್ಲ.

ಬೆಳಗ್ಗೆ ಆರಕ್ಕೆ ಕಣ್ಣು ಬಿಟ್ಟರೆ ಪಕ್ಕದ ಮಂಚ ಖಾಲಿ. ಹೊರಗೆ ಬಂದು ನೋಡಿದೆ. ನನ್ನ ಹೆಂಡತಿ ಕ್ಯಾಬಿನ್ನಿನ ನಾಲ್ಕನೇ ಮೆಟ್ಟಿಲ ಮೇಲೆ ಕೂತಿದ್ದಳು, ಒಂದು ಕೈಯಲ್ಲಿ ಹಿಡಿಕೆ. ಮೊಮ್ಮಗ ಅವಳಿಗಿಂತ ಒಂದು ಮೆಟ್ಟಿಲು ಮೇಲೆ. ದೂರದಲ್ಲಿ ರಾಮನಗರದ ಬಂಡೆಬೆಟ್ಟಗಳು ಮಂಜಿನಿಂದ ಹೊರಗೆ ಬರುತ್ತಿದ್ದವು.

"ಮೇಲಿಂದ ಏನೇನು ಕಾಣುತ್ತೋ?" ಅಂತ ಕೇಳುತ್ತಿದ್ದಳು.

"ಏನೂ ಇಲ್ಲ ಅಜ್ಜಿ. ನಿಮ್ಮ ಕಾಟೇಜಿನ ಹೆಂಚು, ಅಷ್ಟೇ" ಅಂದ ಅವನು. "ಇನ್ನೇಳು ಮೆಟ್ಟಿಲು. ನೋಡ್ತೀಯಾ?"

"ಇರು, ನಿಮ್ಮ ತಾತ ಎದ್ರಾ ನೋಡು ಮೊದಲು" ಅಂದಳು, ಕೈ ಅವನ ಭುಜದ ಮೇಲೆ ಇಡುತ್ತಾ. ನಾನು ಸದ್ದಿಲ್ಲದೆ ಒಳಗೆ ಬಂದು ಮತ್ತೆ ಹೊದ್ದು ಮಲಗಿದೆ.