ಹೊಸತೊಡಕಿನ ದಿನ ನಿಂತ ಸರ್ವರ್

ಹೋದ ವರ್ಷ ಹೊಸತೊಡಕಿನ ದಿನ, ಮನೆಯಲ್ಲಿ ಬಾಡೂಟದ ಘಮ ಏಳುತ್ತಿದ್ದ ಹೊತ್ತಿಗೆ ನಮ್ಮ ಸರ್ವರ್ ನಿಂತುಹೋಯಿತು. ಬಾಡಿಗೆ ಕಟ್ಟಿರಲಿಲ್ಲ. ಕಟ್ಟಿ ಅಂತ ಕಂಪನಿಯವರು ಮೂರು ಸಲ ಮೇಲ್ ಮಾಡಿದ್ದರಂತೆ. ಆ ಮೇಲ್ ವಿಳಾಸ ಇದ್ದದ್ದೂ ಅದೇ ಸರ್ವರ್‌ನಲ್ಲಿ. ಮೊದಲ ಎರಡನ್ನು ಯಾರೂ ತೆರೆದು ನೋಡಿರಲಿಲ್ಲ. ಮೂರನೆಯದು ಬರುವಷ್ಟರಲ್ಲಿ ಪೆಟ್ಟಿಗೆಗೇ ಬೀಗ.

ನಾವು ಒಂಬತ್ತು ಜನ. ಸುದ್ದಿ ಬರೆಯುವವರು ಇಬ್ಬರು, ಮೇಷ್ಟ್ರು ಮೂವರು, ಉಳಿದವರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವರು. ಕುಂಟೆ, ಕೂರಿಗೆ, ನೊಗದ ಕಾಲದ ಮಾತುಗಳನ್ನು ಹಳ್ಳಿ ಹಿರಿಯರಿಂದ ಕೇಳಿ, ಫೋನಿನಲ್ಲಿ ನೋಡುವಂಥ ಪದಕೋಶ ಕಟ್ಟುತ್ತಿದ್ದೇವೆ. ಯಾರಿಗೂ ಸಂಬಳವಿಲ್ಲ. ಫೈಲು ಒಬ್ಬರ ಹತ್ತಿರ, ತಾರೀಖು ವಾಟ್ಸಾಪಿನಲ್ಲಿ, ಫೋನ್ ನಂಬರು ಇನ್ನೊಬ್ಬರ ನೋಟ್‌ಬುಕ್ಕಿನಲ್ಲಿ. ಎಲ್ಲವೂ ಒಂದೇ ಕಡೆ, ನಮ್ಮ ಕೈಯಲ್ಲೇ ಇರಲಿ ಅಂತ ನೆಕ್ಸ್ಟ್‌ಕ್ಲೌಡ್ ಹಾಕಿಕೊಂಡೆವು. ಫೈಲು, ಕ್ಯಾಲೆಂಡರ್, ವಿಳಾಸಪಟ್ಟಿ ಎಲ್ಲ ಅದರಲ್ಲೇ. ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಇನ್ನೇನು ಖರ್ಚು ಅಂದುಕೊಂಡಿದ್ದೆವು.

ಮೊದಲು ಮನೆಯ ಹಳೇ ಕಂಪ್ಯೂಟರಿನಲ್ಲೇ ಇಟ್ಟೆವು. ಕರೆಂಟ್ ಹೋದರೆ ಅದೂ ಹೋಗುತ್ತಿತ್ತು. ಇನ್ವರ್ಟರ್ ಹಾಕಿದರೂ ಹೊರಗಿನವರಿಗೆ ಸಿಗಲಿಲ್ಲ. ನಮ್ಮ ಬ್ರಾಡ್‌ಬ್ಯಾಂಡ್‌ನಲ್ಲಿ ಹತ್ತಾರು ಮನೆಗೆ ಒಂದೇ ಇಂಟರ್ನೆಟ್ ವಿಳಾಸ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದಂತೆ. ಕಾಗದ ಗೇಟಿನವರೆಗೆ ಬರುತ್ತದೆ, ಯಾವ ಮನೆಗೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ವಿದೇಶಿ ಕಂಪನಿಯಲ್ಲಿ ಸರ್ವರ್ ಬಾಡಿಗೆಗೆ ಹಿಡಿದೆವು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತವಾಗಲು 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿದೆ. ಗ್ರಾಹಕರ ರಕ್ಷಣೆಗೆ ಒಳ್ಳೆಯದೇ. ಆದರೆ ನಮ್ಮ ಬಾಡಿಗೆ ತಪ್ಪಿದ್ದು ಅಲ್ಲೇ.

ಸರ್ವರ್, ಡೊಮೇನ್, ಕಾರ್ಡ್ ಮೂರೂ ಒಬ್ಬನೇ ಗೆಳೆಯನ ಹೆಸರಲ್ಲಿದ್ದವು. ಅವನಿಗೇನಾದರೂ ಆದರೆ? ನೋಂದಣಿ ಇಲ್ಲದ ಗುಂಪಿಗೆ ಕಾನೂನಿನ ಕಣ್ಣಲ್ಲಿ ಹೆಸರೇ ಇಲ್ಲ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಮಾಡಬಹುದು. ಆಮೇಲೆ ವರ್ಷ ವರ್ಷ ಲೆಕ್ಕ ಕೊಡಬೇಕು. ಅಮೆರಿಕದ ಕನ್ನಡಿಗರೊಬ್ಬರು ಬಾಡಿಗೆ ತಾವೇ ಕೊಡುತ್ತೇವೆ ಅಂದರು. ಅವರು ಅಲ್ಲಿನ ಪೌರತ್ವ ತಗೊಂಡಿದ್ದಾರೆ. ಹಾಗಾಗಿ ಅದು ವಿದೇಶಿ ದೇಣಿಗೆ, 2010ರ ಎಫ್‌ಸಿಆರ್‌ಎ ಪ್ರಕಾರ ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಆ ತೊಡಕಿರಲಿಲ್ಲ. ಕೈಮುಗಿದು ಬೇಡ ಅಂದೆವು.

ಇಷ್ಟೂ ಸಹಿಸಬಹುದಿತ್ತು. ಸರ್ವರ್ ಮತ್ತೆ ಶುರುವಾದ ರಾತ್ರಿ ಒಂದೊಂದೇ ಫೈಲು ನೋಡುತ್ತಾ ಹೋದಾಗ ಎದೆ ಧಸಕ್ಕೆಂದಿತು. ಮಾತು ಹೇಳಿಕೊಟ್ಟ ಹಿರಿಯರ ಹೆಸರು, ಊರು, ಫೋನ್ ನಂಬರಿನ ಪಟ್ಟಿ. ಅದರ ಲಿಂಕ್ ಸಿಕ್ಕವರು ಯಾರು ಬೇಕಾದರೂ ತೆರೆಯಬಹುದಿತ್ತು, ಪಾಸ್‌ವರ್ಡ್ ಇರಲಿಲ್ಲ. ಹಂಚಿದ್ದು ನಾವೇ, ಮುಚ್ಚಲು ಮರೆತದ್ದೂ ನಾವೇ.

ಮರುದಿನ ಮಧ್ಯಾಹ್ನ ಪರಿಚಯದ ವಕೀಲರನ್ನು ಕೇಳಿದೆವು. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದಂತೆ ಇಂಥ ಸೋರಿಕೆ ಗೊತ್ತಾದ ಆರು ಗಂಟೆಯೊಳಗೆ ವರದಿ ಕೊಡಬೇಕು, 180 ದಿನದ ಲಾಗ್ ಇಟ್ಟಿರಬೇಕು. “ಸೇವೆ ಕೊಡುವವರು, ಮಧ್ಯವರ್ತಿಗಳು ಅಂತ ಇದೆ. ನಾವು ಅದರಲ್ಲಿ ಬರುತ್ತೀವಾ ಸಾರ್?” ಅಂದೆವು. “ಬೇರೆಯವರ ಫೈಲು ಇಟ್ಟುಕೊಂಡಿದ್ದೀರಲ್ಲಪ್ಪಾ, ಬರುತ್ತೀವಿ ಅಂತಲೇ ತಿಳಿದು ನಡೀರಿ” ಅಂದರು. ಆರು ಗಂಟೆ ಯಾವಾಗಲೋ ಕಳೆದಿತ್ತು. ತಡವಾಗಿಯೇ ಕಳಿಸಿದೆವು. 2023ರ ವೈಯಕ್ತಿಕ ಡೇಟಾ ಕಾಯ್ದೆಯ ನಿಯಮಗಳೂ 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತವೆ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ನಮ್ಮ ಡಬ್ಬಿಯಲ್ಲಿದ್ದದ್ದು 4,200 ರೂಪಾಯಿ.

ದಂಡಕ್ಕಿಂತ ಹೆಚ್ಚು ಚುಚ್ಚಿದ್ದು ಒಂದು ಮಾತು. ಪಟ್ಟಿಯಲ್ಲಿದ್ದವರಿಗೆಲ್ಲ ವಿಷಯ ಹೇಳಲು ಹೋದೆವು. ಒಬ್ಬ ಅಜ್ಜಿ ಕೇಳಿದರು: “ಸಾಲ ಬೇಕಾ ಅಂತ ಯಾರ್ಯಾರೋ ಫೋನ್ ಮಾಡ್ತಾರೆ ಮಗಾ. ನನ್ ನಂಬರ್ ಅವರಿಗೆ ನೀವೇ ಕೊಟ್ರಾ?” ಅಲ್ಲ ಅನ್ನಲು ನಮ್ಮ ಬಳಿ ಲಾಗ್ ಇರಲಿಲ್ಲ. ಬೇರೆಯವರ ಮಾಹಿತಿ ಸೋರಿದಾಗ ಸುದ್ದಿ ಬರೆದವರು ನಾವು. ಅವತ್ತು ಅವರ ಜಗುಲಿಯಲ್ಲಿ ತಲೆತಗ್ಗಿಸಿ ಕೂತೆವು.

ಸರ್ವರ್ ಬಿಟ್ಟಿಲ್ಲ. ಈಗ ಕೀಲಿ ಇಬ್ಬರ ಬಳಿ ಇದೆ. ಬಾಡಿಗೆ ವರ್ಷಕ್ಕೊಮ್ಮೆ ಮುಂಗಡ, ನೆನಪಿನ ಮೇಲ್ ಹೊರಗಿನ ವಿಳಾಸಕ್ಕೆ. ತಿಂಗಳಿಗೊಮ್ಮೆ ಬ್ಯಾಕಪ್ ತೆರೆದು ನೋಡುತ್ತೇವೆ. ಬೇಡದ ನಂಬರುಗಳನ್ನು ಅಳಿಸಿದ್ದೇವೆ.

ನಿಮ್ಮೂರಿನ ಹಾಲಿನ ಸಂಘ, ಸ್ವಸಹಾಯ ಗುಂಪಿನ ಪಟ್ಟಿ ಯಾರ ಫೋನಿನಲ್ಲಿದೆ, ಯಾರ್ಯಾರಿಗೆ ಹೋಗಿದೆ? ಇವತ್ತೇ ಒಮ್ಮೆ ಕೇಳಿ ನೋಡಿ. ಆ ಅಜ್ಜಿ ಈಗಲೂ ನಮಗೆ ಮಾತು ಹೇಳಿಕೊಡುತ್ತಾರೆ. ಫೋನಿನಲ್ಲಲ್ಲ, ಮನೆಗೇ ಬನ್ನಿ ಅನ್ನುತ್ತಾರೆ. ಹೋಗುತ್ತೇವೆ.